ಹೋದ ಮೂರ್ಛೆ, ಬಂದ ಮೂರ್ಛೆ

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ, ಬಳೆಯಂಗಡಿಗೂ ಪಾತ್ರೆಯಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಕಾಸಿಮಸಾಬರ ಹೊಲಿಗೆ ಯಂತ್ರವಿತ್ತು. ಅದರ ಮೇಲೆ, ಕೆಳಗೆ, ಅಕ್ಕಪಕ್ಕ ಎಲ್ಲ ಚೀಲಗಳೇ. ನೀಲಾ ಪರ್ಸಿನಿಂದ ಕಾಗದ ತೆಗೆದು, ಮೂರು ಸಲ ಓದಿ ಹೇಳಿದ್ದ ಅಳತೆಯನ್ನು ನಾಲ್ಕನೆಯ ಸಲ ಓದಿದಳು. ಉದ್ದ ಎಪ್ಪತ್ತು ಸೆಂಟಿಮೀಟರು, ಅಗಲ ನಲವತ್ತು, ಎತ್ತರ ಇಪ್ಪತ್ತೆಂಟು. ಒಂದು ಬೆರಳು ಹೆಚ್ಚಾದರೂ ಹಡಗಿನ ಮಂಚದ ಕೆಳಗೆ ಅದು ಕೂಡುವುದಿಲ್ಲ. ಗಾಲಿ ಇರಬಾರದು, ಒಳಗೆ ಗಟ್ಟಿ ಚೌಕಟ್ಟು ಇರಬಾರದು, ಖಾಲಿಯಾದಾಗ ಮಡಚಿಡುವಂತಿರಬೇಕು.

"ಅಕ್ಕಾರ, ಅಳತಿ ತಿಳೀತ್ರಿ ನನಗ," ಎಂದರು ಕಾಸಿಮಸಾಬ. "ನೀವು ಇನ್ನೊಮ್ಮಿ ಓದಿದ್ರ ಚೀಲ ಅಂಜಿ ಸಣ್ಣದಾಗತೈತಿ."

ಸುಮೇಧಾ ಜೋರಾಗಿ ನಕ್ಕಳು. ತಾಯಿಯ ಅಂಜಿಕೆಯನ್ನು ಬೇರೆಯವರು ಕಂಡುಹಿಡಿದಾಗೆಲ್ಲ ಅವಳಿಗೆ ಹೀಗೆ ನಗು ಬರುತ್ತಿತ್ತು.

"ಯಾವೂರಿಗಿ ತಂಗಿ, ಇಷ್ಟು ಅಳತಿ ನೋಡಿ ಹೊಂಟಿದ್ದು?"

"ಎಲ್ಲಾ ಊರಿಗೂ ಕಾಕಾ. ಸಿಂಗಾಪುರದಾಗ ಹಡಗ ಹತ್ತೂದು. ಕೊಲಂಬೊ, ಮೊಂಬಾಸಾ, ಕೇಪ್‌ಟೌನ್, ಬ್ರೆಜಿಲ್, ಪನಾಮಾ, ಜಪಾನ್. ಆಮ್ಯಾಲೆ ಮತ್ತ ಸಿಂಗಾಪುರದಾಗ ಇಳಿಯೂದು. ನೂರಾ ಎಂಟು ದಿನ."

"ಹತ್ತಿದಲ್ಲೇ ಇಳೀತಿ? ಮತ್ತ ಹೋಗೂದರ ಯಾಕ?"

"ಭೂಮಿ ದುಂಡಗ ಅದನೋ ಇಲ್ಲೋ ನೋಡ್ಲಿಕ್ಕೆ."

"ನಮ್ಮ ಬಾಪೂಜಾನ್ ಸೈತ ಹಡಗ ಹತ್ತಿದ್ರು, ಹಜ್‌ಕ್ಕ. ವಾಪಸ್ ಬಂದ ಮ್ಯಾಲೆ ಮೂರು ತಿಂಗಳ ಹಾಸಿಗಿ ಅಲಗ್ಯಾಡತೈತಿ ಅಂತಿದ್ರು," ಎನ್ನುತ್ತ ಕಾಸಿಮಸಾಬ ಹಸಿರು ಕ್ಯಾನ್ವಾಸಿನ ಸುರುಳಿ ಬಿಚ್ಚಿದರು. "ಚೈನು ಪಿತ್ತಾಳಿದು ಹಾಕತೇನಿ. ಉಪ್ಪು ನೀರಿಗಿ ಜಂಗ ಹಿಡಿಯಂಗಿಲ್ಲ. ಮ್ಯಾಲ ಹೆಸರು ಹೊಲೀಲೇನು?"

"ಹೊಲೀರಿ ಕಾಕಾ. ಸುಮೇಧಾ ವಿಜಯೀಂದ್ರ ಕಟ್ಟಿ, ಧಾರವಾಡ. ಧಾರವಾಡ ದೊಡ್ಡ ಅಕ್ಷರದಾಗ."

ಭೂಗೋಳ ಓದುತ್ತಿದ್ದ ಸುಮೇಧಾಳಿಗೆ ಅದು ಕೊನೆಯ ವರ್ಷ. ಹಡಗಿನ ಮೇಲೊಂದು ಕಾಲೇಜು ಇರುತ್ತದೆಂದು, ಹತ್ತಾರು ದೇಶಗಳ ಹುಡುಗ-ಹುಡುಗಿಯರು ನಡುಗಡಲಿನಲ್ಲಿ ಪಾಠ ಕೇಳಿ ಬಂದರು ಬಂದಲ್ಲಿ ಇಳಿದು ಕೆಲಸ ಮಾಡುತ್ತಾರೆಂದು ಅವಳೇ ಹುಡುಕಿ, ಅವಳೇ ಅರ್ಜಿ ಬರೆದು, ಎರಡು ಸಂದರ್ಶನ ಮುಗಿಸಿದ್ದಳು. ಪೂರ್ತಿ ವಿದ್ಯಾರ್ಥಿವೇತನ ಸಿಕ್ಕ ದಿನ ಮನೆಯಲ್ಲಿ ಹೇಳಿದಳು. ಮಾಳಮಡ್ಡಿಯ ಅವರ ಮನೆಯ ಗೋಡೆಯ ಮೇಲೆ ಆಗಸ್ಟಿನಿಂದ ಒಂದು ಜಗತ್ತಿನ ನಕಾಶೆ ಬಂದಿತ್ತು. ಅದರ ಮೇಲೆ ಕೆಂಪು ದಾರ, ದಾರದ ತುದಿಗೆ ಗುಂಡುಸೂಜಿ. ಅಜ್ಜಿ ತಾರಾಬಾಯಿ ದಿನಾ ಪೂಜೆ ಮುಗಿಸಿ ಆ ನಕಾಶೆಗೂ ಒಂದು ಹೂವು ಸಿಕ್ಕಿಸುತ್ತಿದ್ದರು.

ನೀಲಾ ಧಾರವಾಡದ ಒಂದು ಪಠ್ಯಪುಸ್ತಕ ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದಳು. ಹದಿನೆಂಟು ವರ್ಷ ಬೇರೆಯವರ ತಪ್ಪುಗಳನ್ನು ಹುಡುಕಿ ಹುಡುಕಿ, ಎಲ್ಲಿ ತಪ್ಪು ಕಾಣುವುದಿಲ್ಲವೋ ಅಲ್ಲಿಯೇ ಹೆಚ್ಚು ಅಂಜುವ ಸ್ವಭಾವ ಅವಳಿಗೆ ಬಂದಿತ್ತು. ಎಲ್ಲ ಸುಸೂತ್ರ ನಡೆದಿದ್ದ ಈ ಎರಡು ತಿಂಗಳು ಅವಳಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಧಾರವಾಡಕ್ಕೆ ವಾಪಸ್ ಹೋಗುವ ಚಿಗರಿ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂತ ಮೇಲೆ ಸುಮೇಧಾ ಸಹಜವಾಗಿ ಹೇಳಿದಳು: "ಅಮ್ಮಾ, ಮೆಡಿಕಲ್ ಫಾರ್ಮ್ ನಿನ್ನೆ ಕಳಿಸಿಬಿಟ್ಟೆ."

"ನನಗ ತೋರಿಸಲಿಲ್ಲ?"

"ನಿನಗ ತೋರಿಸಿದ್ರ ಪೂರ್ಣವಿರಾಮ ತಿದ್ದಿಕೋತ ಕೂತಿರ್ತಿದ್ದಿ. ಎಲ್ಲಾ ಖರೇನ ಬರದೀನಿ. ಸಣ್ಣಾಕಿ ಇದ್ದಾಗ ಮೂರ್ಛಿ ಬರ್ತಿದ್ವಲ್ಲ, ಅದನ್ನೂ ಬರದೀನಿ. ಈಗ ಹತ್ತು ವರ್ಷ ಬಂದಿಲ್ಲ ಅಂತನೂ ಹಾಕೀನಿ. ಲಸಿಕಿ ಹಾಕಿಸಿದ್ದರ ಪುರಾವೆ ಬೇಕಂದ್ರು, ಅದಕ್ಕ ಸಾಲಿಗೆ ಹೋಗಿ ಹೆಲ್ತ್ ಕಾರ್ಡ್ ತಂದು ಅದನ್ನೂ ಹಚ್ಚೀನಿ. ಅದರಾಗೂ ಅದ, ಮೂರ್ಛೆರೋಗ ಅಂತ."

ನೀಲಾ "ಹೌದಾ" ಎಂದಳು. ಉಣಕಲ್ ಕೆರೆ ಬಂತು, ಹೋಯಿತು. ಮಗಳು ಕೆರೆ ನೋಡುತ್ತ "ಇದರಗಿಂತ ಎಷ್ಟು ದೊಡ್ಡದಿರತದೋ ಸಮುದ್ರ" ಎಂದಳು. ಇಪ್ಪತ್ತು ವರ್ಷದ ಈ ಹುಡುಗಿ ಇನ್ನೂ ಸಮುದ್ರ ನೋಡಿರಲಿಲ್ಲ. ನೋಡದಂತೆ ಮಾಡಿದವಳು ನೀಲಾ.

ಆಗ ಸುಮೇಧಾಳಿಗೆ ಹತ್ತು ವರ್ಷ. ಏಕಾದಶಿಯ ದಿನ ಅಜ್ಜಿ ನೀರು ಕೂಡ ಮುಟ್ಟದೆ ಇರುವುದನ್ನು ನೋಡಿ, ಹುಡುಗಿ ಯಾರಿಗೂ ಹೇಳದೆ ತಾನೂ ಉಪವಾಸ ಹಿಡಿದಿದ್ದಳು. ಡಬ್ಬಿಯ ಚಪಾತಿಯನ್ನು ಗೆಳತಿಗೆ ಕೊಟ್ಟು, ಮಧ್ಯಾಹ್ನ ಕವಾಯತಿನ ಬಿಸಿಲಿನಲ್ಲಿ ನಿಂತು ಮೂರ್ಛೆ ಹೋದಳು. ಮುಖಕ್ಕೆ ನೀರು ಹೊಡೆದರು, ಗ್ಲುಕೋಸ್ ಕುಡಿಸಿದರು, ಸಂಜೆಗೆ ಕುಂಟಾಬಿಲ್ಲೆ ಆಡುತ್ತಿದ್ದಳು. ಅಲ್ಲಿಗೆ ಅದು ಮುಗಿದಿತ್ತು. ಆದರೆ ಮರುತಿಂಗಳು ಶಾಲೆಯಿಂದ ಕಾರವಾರಕ್ಕೆ ಪ್ರವಾಸ ಗೊತ್ತಾಯಿತು. ಯಾವುದೋ ಊರಿನ ಮಕ್ಕಳು ಯಾವುದೋ ಕಡಲ ದಂಡೆಯಲ್ಲಿ ಮುಳುಗಿದ ಸುದ್ದಿಯನ್ನು ನೀಲಾ ಅದೇ ವಾರ ಪತ್ರಿಕೆಯಲ್ಲಿ ಓದಿದ್ದಳು. ಗಂಡ "ಆಕಿ ಹೋಗಲಿ ಬಿಡು" ಅಂದಿದ್ದ. ಮಗಳು ಪ್ರವಾಸಕ್ಕೆಂದು ಟೋಪಿ ತೆಗೆದಿಟ್ಟಿದ್ದಳು. ಬೇಡ ಎಂದು ಹೇಳಲು ನೀಲಾಳ ಬಳಿ ಕಾರಣವಿರಲಿಲ್ಲ, ಅಂಜಿಕೆಯಷ್ಟೇ ಇತ್ತು.

ಮುಖ್ಯಾಧ್ಯಾಪಕಿಗೆ ಪತ್ರ ಬರೆಯಲು ಕೂತಾಗ ಅವಳು ಮೊದಲು ಬರೆದದ್ದು ಖರೆಯನ್ನೇ: "ನನ್ನ ಮಗಳು ಈಚೆಗೆ ಒಮ್ಮೆ ಮೂರ್ಛೆ ಹೋಗಿದ್ದರಿಂದ..." ಓದಿ ನೋಡಿದಳು. ಸಾಲದು. ಒಮ್ಮೆ ಮೂರ್ಛೆ ಹೋದ ಹುಡುಗಿಯನ್ನು ಪ್ರವಾಸಕ್ಕೆ ಯಾರಾದರೂ ಕರೆದುಕೊಂಡು ಹೋಗುತ್ತಾರೆ. ಆಗ ಕರಡು ತಿದ್ದುವ ಕೈ ತಾನಾಗಿಯೇ ಮುಂದೆ ಬಂತು. "ಒಮ್ಮೆ" ಹೊಡೆದು "ಆಗಾಗ" ಮಾಡಿದಳು. "ಹೋಗಿದ್ದರಿಂದ" ಹೊಡೆದು "ಬರುತ್ತಿರುವುದರಿಂದ" ಮಾಡಿದಳು. ಮೂರ್ಛೆ ಹೋದವರು ಎದ್ದು ಕೂಡುತ್ತಾರೆ. ಮೂರ್ಛೆ ಬರುವುದೆಂದರೆ ಅದು ರೋಗ, ಕೈಯಲ್ಲಿ ಕಬ್ಬಿಣ ಹಿಡಿಸುವಂಥದ್ದು, ನೀರು-ಬೆಂಕಿಯ ಹತ್ತಿರ ಬಿಡಬಾರದಂಥದ್ದು. ಶುದ್ಧ ಹಾಳೆಯ ಮೇಲೆ ದುಂಡಗೆ ನಕಲು ಮಾಡಿ ಕಳಿಸಿದಳು.

ಮುಖ್ಯಾಧ್ಯಾಪಕಿ ಒಳ್ಳೆಯ ಹೆಂಗಸು. ಪತ್ರವನ್ನು ಫೈಲಿಗೆ ಹಾಕಿಸಿ, ಹೆಲ್ತ್ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ "ಮೂರ್ಛೆರೋಗ, ಗಮನವಿರಲಿ" ಎಂದು ಬರೆಸಿದಳು. ಅಳುತ್ತಿದ್ದ ಮಗಳಿಗೂ ನೀಲಾ ಅದನ್ನೇ ಹೇಳಬೇಕಾಯಿತು. ನಿನಗ ಮೂರ್ಛಿ ಬರ್ತಾವು ಪುಟ್ಟಿ, ನಿನಗ ತಿಳಿಯೂದಿಲ್ಲ. ಹೇಳಿದ ಮೇಲೆ ಅದಕ್ಕೆ ತಕ್ಕಂತೆ ನಡೆಯಬೇಕಾಯಿತು. ಈಜು ಬೇಡ, ಸೈಕಲ್ ಈಗ ಬೇಡ, ಬಚ್ಚಲಮನೆಯ ಚಿಲಕ ಹಾಕಿಕೊಳ್ಳಬೇಡ. ಗಂಡನಿಗೂ ಅತ್ತೆಗೂ ಮಾತ್ರ ಹುಡುಗಿ ಅಶಕ್ತಳಿದ್ದಾಳೆ ಎಂದಷ್ಟೇ ಹೇಳಿದಳು. ಹೈಸ್ಕೂಲಿಗೆ ಬಂದ ಮೇಲೆ "ಈಗ ಪೂರಾ ಆರಾಮಾಗೇದ" ಎಂದು ಕೈಬಿಟ್ಟಿದ್ದಳು. ಎಲ್ಲರೂ ಮರೆತಿದ್ದಾರೆ ಅಂದುಕೊಂಡಿದ್ದಳು.

ಆ ದಿನ ಬಸ್ಸಿನಲ್ಲಿಯೇ ಹೇಳಿಬಿಟ್ಟಿದ್ದರೆ! ಫಾರ್ಮ್ ವಾಪಸ್ ತರಿಸಬಹುದಿತ್ತು, ತಿದ್ದಬಹುದಿತ್ತು. ಆದರೆ ನೀಲಾ ಕಾದಳು. ಯಾರಿಗೆ ಗೊತ್ತು, ಅವರು ಅದನ್ನು ಓದದೆಯೂ ಇರಬಹುದು. ಹತ್ತೊಂಬತ್ತು ದಿನ, ಮಗಳ ಫೋನು ಟಣ್ ಎಂದಾಗೆಲ್ಲ ಅವಳ ಕೈಯಲ್ಲಿದ್ದದ್ದು ಅಲ್ಲಿಯೇ ನಿಲ್ಲುತ್ತಿತ್ತು.

ಮೇಲ್ ಬಂದದ್ದು ಒಂದು ರವಿವಾರ ಮುಂಜಾನೆ. ತಾರಾಬಾಯಿ ನೆಲದ ಮೇಲೆ ಕಾಲು ಚಾಚಿ ಮೆಂತ್ಯೆ ಪಲ್ಲೆ ಸೋಸುತ್ತಿದ್ದರು. ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ನೌಕರಿಗಿದ್ದ ಅಪ್ಪ ವಿಜಯೀಂದ್ರ ರವಿವಾರದ ಗಡ್ಡ ಬಿಟ್ಟುಕೊಂಡು ಎರಡನೆಯ ಚಹಾ ಕುಡಿಯುತ್ತಿದ್ದ. ಸುಮೇಧಾ ಫೋನು ಹಿಡಿದು ಬಂದು ನಿಂತಳು. ನಿಂತಲ್ಲಿಂದ ಕನ್ನಡದಲ್ಲಿ ಹೇಳುತ್ತ ಹೋದಳು, ಬೇರೆಯವರ ಸುದ್ದಿ ಓದುವವಳಂತೆ. ಹಡಗಿನ ವೈದ್ಯರು ಒಪ್ಪಿಲ್ಲ. ದಂಡೆಯಿಂದ ಹತ್ತು ದಿನ ದೂರ ಇರುವಾಗ ಮೂರ್ಛೆರೋಗದವರನ್ನು ನೋಡಿಕೊಳ್ಳುವ ಅನುಕೂಲ ಹಡಗಿನಲ್ಲಿಲ್ಲ. ಬೇರೆ ಏನಾದರೂ ದಾಖಲೆಯಿದ್ದರೆ ಹದಿನೈದು ದಿನದೊಳಗೆ ಕಳಿಸಬೇಕು.

"ಯಾರಿಗಂತ ಮೂರ್ಛೆರೋಗ?" ತಾರಾಬಾಯಿ ತಲೆಯೆತ್ತಿದರು.

"ನನಗ, ಅಜ್ಜಿ. ಸಣ್ಣಾಕಿ ಇದ್ದಾಗ ಬರ್ತಿದ್ವಲ್ಲ."

"ಅಯ್ಯ, ಏನ ಬರ್ತಿದ್ವು? ಎಲ್ಲೆ ಬರ್ತಿದ್ವು? ಆವತ್ತ ನೀ ಮೂರ್ಛಿ ಹೋಗಿದ್ದಿ, ಹುಚ್ಚಿ! ನನ್ನ ನೋಡಿ ನಿರ್ಜಲಾ ಏಕಾದಶಿ ಮಾಡಲಿಕ್ಕೆ ಹೋಗಿ ಬಿಸಲಾಗ ಬಿದ್ದಿದ್ದಿ. ನಿಮ್ಮವ್ವ ನನಗ ಎಂಟು ದಿವಸ ಮಾತಾಡಿಸಲಿಲ್ಲ, ನಾನ ಕಲಿಸೀನಿ ಅಂತ. ಮೂರ್ಛಿ ಹೋಗೂದು ಬ್ಯಾರೆ, ಮೂರ್ಛಿ ಬರೂದು ಬ್ಯಾರೆ. ಕನ್ನಡಾ ತಿದ್ದಾಕಿ ಮಗಳಾಗಿ ಅಷ್ಟೂ ತಿಳಿಯೂದಿಲ್ಲೇನ ನಿನಗ?"

ವಿಜಯೀಂದ್ರ ನಕ್ಕ. "ಅವ್ವ ಹೇಳೂದು ಖರೆ ಅದ. ಒಮ್ಮೆ ಬಿದ್ದದ್ದು ಅಷ್ಟ. ನೀ ಏನರ ತಪ್ಪು ತಿಳಕೊಂಡು ಬರದಿ?"

"ನಾ ತಿಳಕೊಂಡದ್ದಲ್ಲ ಅಪ್ಪಾ. ಸಾಲಿ ಕಾರ್ಡಿನ್ಯಾಗ ಅದ. ಸಾಲ್ಯಾವರಿಗೆ ಹೇಳಿದವರು ಯಾರು?"

ಅವಳು ತಾಯಿಯ ಕಡೆ ತಿರುಗಲಿಲ್ಲ. ತಿರುಗುವ ಅಗತ್ಯವಿರಲಿಲ್ಲ. ನೀಲಾ ಅಡುಗೆಮನೆಯ ಬಾಗಿಲಿನಲ್ಲಿ ಕೈಯೊರೆಸುವ ಅರಿವೆ ಹಿಡಿದು ನಿಂತಿದ್ದಳು. ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

"ಅಮ್ಮಾ, ಎಷ್ಟ ಸಲ ಬಂದಿದ್ವು ನನಗ?"

"ಒಮ್ಮೆ."

"ಬಂದಿತ್ತೋ, ಹೋಗಿದ್ನೋ?"

"ಹೋಗಿದ್ದಿ," ಎಂದಳು ನೀಲಾ.

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಕಾರವಾರ, ಪತ್ರಿಕೆಯ ಸುದ್ದಿ, ಪತ್ರ, ತಿದ್ದಿದ ಎರಡು ಪದ. ಹೇಳುವಾಗಲೂ ಪದ ಆರಿಸಿ ಆರಿಸಿ ಹೇಳುತ್ತಿರುವುದು ಅವಳಿಗೇ ಕೇಳಿಸುತ್ತಿತ್ತು. ತಾರಾಬಾಯಿ "ರಾಮ ರಾಮ" ಎಂದು ಪಲ್ಲೆ ಬದಿಗೆ ಸರಿಸಿದರು. ವಿಜಯೀಂದ್ರ "ನನಗ ಒಂದ ಮಾತು ಹೇಳಬಾರದಿತ್ತೇನ?" ಎಂದು ಕೇಳಿದ. ಇನ್ನೊಮ್ಮೆ ಅದನ್ನೇ ಕೇಳಿದ.

ಸುಮೇಧಾ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

"ನಾ ಹತ್ತು ವರ್ಷ ಬಚ್ಚಲದ ಚಿಲಕ ಹಾಕ್ಕೊಂಡಿಲ್ಲಮ್ಮಾ," ಎಂದಳು. "ಹೈಸ್ಕೂಲಿನ್ಯಾಗ ಗೆಳತ್ಯಾರ ಮನಿಗೆ ಹೋದ್ರೂ ಹಾಕ್ಕೋತಿದ್ದಿಲ್ಲ. ಒಳಗ ಬಿದ್ರ ಬಾಗಲಾ ಒಡೀಬೇಕಾಗತದ, ಅವರಿಗೆ ತ್ರಾಸು ಅಂತ."

ಅಷ್ಟೇ ಹೇಳಿ ಸ್ನಾನಕ್ಕೆ ಹೋದಳು. ಒಳಗಿನಿಂದ ಚಿಲಕ ಬಿದ್ದ ಸಪ್ಪಳ ಮೂವರಿಗೂ ಕೇಳಿಸಿತು.

ಹದಿನೈದು ದಿನದಲ್ಲಿ ಮಾಡಬಹುದಾದದ್ದನ್ನೆಲ್ಲ ಅವರು ಮಾಡಿದರು. ಸತ್ತೂರಿನ ಆಸ್ಪತ್ರೆಯಲ್ಲಿ ನರರೋಗ ತಜ್ಞೆಯೊಬ್ಬರು ತಾಳ್ಮೆಯಿಂದ ಎಲ್ಲ ಕೇಳಿದರು. ಸುಮೇಧಾಳ ತಲೆಗೆ ತಂತಿಗಳನ್ನು ಅಂಟಿಸಿ ತಪಾಸಣೆ ಮಾಡಿಸಿದರು. ಎಲ್ಲ ಸರಿಯಾಗಿತ್ತು. "ಈ ಹೊತ್ತಿನ ರಿಪೋರ್ಟ್ ನಾರ್ಮಲ್ ಅದ ಅಂತ ಬರದುಕೊಡ್ತೇನಿ," ಎಂದರು. "ಆದ್ರ ಹತ್ತು ವರ್ಷದ ಹಿಂದ ಆಗಿದ್ದಿಲ್ಲ ಅಂತ ನಾ ಹೆಂಗ ಬರೀಲಿ? ರಿಪೋರ್ಟ್ ನಾರ್ಮಲ್ ಬಂದ್ರೂ ಮೂರ್ಛೆರೋಗ ಇರಲಿಕ್ಕೆ ಸಾಧ್ಯ ಅದರಿ. ಅದು ಆ ಹಡಗಿನ ಡಾಕ್ಟರಿಗೂ ಗೊತ್ತಿರತದ. ಅವರ ಕೈಯಾಗ ಆಗಿನ ಕಾಲದ ಕಾಗದ ಅದ."

ಶಾಲೆಗೆ ನೀಲಾ ಒಬ್ಬಳೇ ಹೋದಳು. ಆಗಿನ ಮುಖ್ಯಾಧ್ಯಾಪಕಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಈಗಿನವರು ಪಂಢರಿನಾಥ ಸರ್, ಊರಿನ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನಲ್ಲಿ ಕೂಡುವ ಸಾಹಿತ್ಯಪ್ರೇಮಿ. ಹಳೆಯ ಫೈಲು ತರಿಸಿ, ಧೂಳು ಊದಿ, ಪತ್ರ ತೆಗೆದು ಪೂರ್ತಿ ಓದಿದರು.

"ಏನ ಅಕ್ಷರರಿ ಬಾಯಾರ! ಎಷ್ಟು ಛಂದ ಬರದೀರಿ. ಒಂದು ಕಾಟು ಇಲ್ಲ, ಒಂದು ತಪ್ಪಿಲ್ಲ. ಈಗಿನ ಪಾಲಕರು ರಜಾ ಚೀಟಿ ಮೊಬೈಲಿನ್ಯಾಗ ಒತ್ತಿ ಕಳಸ್ತಾರ, ಅದೂ ಇಂಗ್ಲಿಷಿನ್ಯಾಗ."

"ಸರ್, ಇದು ಖರೆ ಅಲ್ಲರಿ. ಸುಳ್ಳು ಬರದಿದ್ದೆ. ಕಾರ್ಡ್ ತಿದ್ದಿಕೊಟ್ರ..."

ಪಂಢರಿನಾಥ ಸರ್ ಕನ್ನಡಕ ತೆಗೆದರು. "ತಿದ್ದಲಿಕ್ಕೆ ಬರೂದಿಲ್ಲರಿ. ಹಳೇ ದಾಖಲಿ ನಾ ಮುಟ್ಟಿದ್ರ ನನ್ನ ನೌಕರಿಗೆ ಸಂಚಕಾರ. ಬೇಕಂದ್ರ ತಾಯಿಯವರು ಹಿಂಗ ಹೇಳ್ತಾರ ಅಂತ ಒಂದು ಪತ್ರ ಕೊಡ್ತೇನಿ. ಆದ್ರ ಓದಿದವರು ಏನಂತಾರ ಗೊತ್ತದನು? ಈಗ ಹಡಗ ಹತ್ತೂ ಹೊತ್ತಿಗೆ ಹಿಂಗ ಹೇಳ್ಲಿಕತ್ತಾರ ಅಂತಾರ."

ಕೊನೆಗೆ ಉಳಿದದ್ದು ನೀಲಾಳೇ ಬರೆಯಬೇಕಾದ ಪತ್ರ. ಮೂರು ಸಂಜೆ ಕೂತಳು. ಇಂಗ್ಲಿಷಿನಲ್ಲಿ, ಹೋಗುವ ಮೂರ್ಛೆಗೆ ಒಂದು ಪದ, ಬರುವ ಮೂರ್ಛೆಗೆ ಇನ್ನೊಂದೇ ಪದ. ಒಂದರ ಜಾಗದಲ್ಲಿ ಇನ್ನೊಂದು ಬೀಳುವ ಸಂಭವವೇ ಇಲ್ಲ. ನಮ್ಮ ಭಾಷೆಯಲ್ಲಿ ಇವೆರಡೂ ಒಂದೇ ಪದದ ಬೆನ್ನು ಹತ್ತಿ ಬರುತ್ತವೆ ಎಂದು ಅವಳು ಒಂದು ಪ್ಯಾರಾ ಬರೆದಳು. ಓದಿದರೆ ಅದು ತಪ್ಪನ್ನು ಭಾಷೆಯ ಮೇಲೆ ಹಾಕಿದಂತಿತ್ತು. ಹೊಡೆದು ಹಾಕಿದಳು. "ಮಾಹಿತಿ ನಿಖರವಾಗಿರಲಿಲ್ಲ" ಎಂದು ಬರೆದಳು. ಹಿಂದೆ ನಿಂತು ನೋಡುತ್ತಿದ್ದ ವಿಜಯೀಂದ್ರ, "ಸುಳ್ಳು ಅಂತ ಬರಿ ನೀಲಾ. ಒಂದರ ಸೀದಾ ಮಾತು ಬರಿ," ಎಂದ. ಬರೆದಳು. ನಾನು ಸುಳ್ಳು ಬರೆದಿದ್ದೆ, ನನ್ನ ಮಗಳಿಗೆ ಆ ರೋಗ ಎಂದೂ ಇರಲಿಲ್ಲ.

ಉತ್ತರ ಒಂಬತ್ತನೆಯ ದಿನ ಬಂತು. ಬಹಳ ಸೌಜನ್ಯದ ಪತ್ರ. ತಾಯಿಯವರ ಪ್ರಾಮಾಣಿಕತೆಯನ್ನು ನಾವು ಗೌರವಿಸುತ್ತೇವೆ. ಆದರೆ ಇಂಥ ಸಂದರ್ಭದಲ್ಲಿ, ಘಟನೆಯ ಕಾಲಕ್ಕೇ ಬರೆದಿಟ್ಟ ದಾಖಲೆಯನ್ನು, ವಿದ್ಯಾರ್ಥಿನಿಯ ಸ್ವಂತ ಹೇಳಿಕೆಯನ್ನು ನಂಬಬೇಕಾಗುತ್ತದೆ. ಕುಟುಂಬದವರು ನಂತರ ಕೊಟ್ಟ ಹೇಳಿಕೆಗೆ ಅಷ್ಟು ತೂಕ ಕೊಡಲಾಗುವುದಿಲ್ಲ. ಸ್ಥಾನವನ್ನು ಕಾಯುವ ಪಟ್ಟಿಯಲ್ಲಿದ್ದ ಇನ್ನೊಬ್ಬರಿಗೆ ನೀಡಲಾಗಿದೆ. ವಿದ್ಯಾರ್ಥಿವೇತನ ಈ ಒಂದು ಯಾನಕ್ಕೆ ಮಾತ್ರ ಇತ್ತು.

ನೀಲಾ ಅದನ್ನು ನಾಲ್ಕು ಸಲ ಓದಿದಳು. ತಪ್ಪು ಸಿಗಲಿಲ್ಲ.

ಮರುದಿನ ಮುಂಜಾನೆ ಗೋಡೆಯ ಮೇಲೆ ನಕಾಶೆ ಇರಲಿಲ್ಲ. ತಾರಾಬಾಯಿ ಹೂವು ಹಿಡಿದುಕೊಂಡು ಬಂದು, ಖಾಲಿ ಗೋಡೆ ನೋಡಿ, ವಾಪಸ್ ದೇವರ ಮನೆಗೆ ಹೋದರು. ಅಂದಿನಿಂದ ಏಕಾದಶಿಗೆ ಅವರು ಹಾಲು-ಹಣ್ಣು ತಿನ್ನತೊಡಗಿದರು.

ಜನವರಿ ಮೊದಲ ವಾರ ಕಾಸಿಮಸಾಬರ ಫೋನು ಬಂತು. ಚೀಲ ದೀಪಾವಳಿಗೇ ತಯಾರಾಗಿದೆ, ಒಯ್ಯುವವರೇ ಇಲ್ಲವಲ್ಲ. ನೀಲಾ ಬರುತ್ತೇನೆ ಎಂದಳು. ಕಚೇರಿಗೆ ಅರ್ಧ ದಿನ ರಜೆ ಹಾಕಿ ಹುಬ್ಬಳ್ಳಿಗೆ ಹೋದಳು.

ಕಾಸಿಮಸಾಬ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. ಹಸಿರು ಕ್ಯಾನ್ವಾಸು, ಹಿತ್ತಾಳೆಯ ಚೈನು, ಬಿಳಿ ದಾರದಲ್ಲಿ ಹೆಸರು. ಧಾರವಾಡ ದೊಡ್ಡ ಅಕ್ಷರದಲ್ಲಿ. "ಟೇಪ್ ಹಿಡ್ದು ನೋಡ್ರಿ ಬೇಕಾದ್ರ. ಒಂದು ನೂಲು ಹೆಚ್ಚಿಲ್ಲ, ಕಡಿಮಿಲ್ಲ. ತಂಗಿ ಬರಲಿಲ್ಲಲ್ಲ?"

"ಇಲ್ಲರಿ. ಸ್ವಲ್ಪ ಕೆಲಸ ಇತ್ತು ಆಕಿಗೆ."

"ಇರತಾವ ಇರತಾವ, ಹೋಗೂ ಹೊತ್ತು. ನಾಕು ದಿನ ಹಾಸಿಗಿ ಅಲಗ್ಯಾಡಿದ್ರ ಅಂಜಬ್ಯಾಡ ಅಂತ ಹೇಳ್ರಿ."

"ಹೇಳ್ತೇನ್ರಿ," ಎಂದು ನೀಲಾ ಚೀಲ ಹೆಗಲಿಗೆ ಹಾಕಿಕೊಂಡಳು. ಖಾಲಿ ಚೀಲವೂ ಭಾರವಾಗಿತ್ತು.

ಮನೆಗೆ ಬಂದು ಅದನ್ನು ಎಲ್ಲಿಡುವುದೆಂದು ತಿಳಿಯದೆ ಅಟ್ಟದ ಕಡೆ ನೋಡುತ್ತಿದ್ದಾಗ ಸುಮೇಧಾ ಬಂದು ಕೈಯಿಂದ ತೆಗೆದುಕೊಂಡಳು. ಚೈನು ಒಮ್ಮೆ ತೆಗೆದು ಹಾಕಿ ನೋಡಿದಳು.

"ಛಲೋ ಆತು. ನನಗ ಬೇಕಾಗಿತ್ತು," ಎಂದಳು. "ಸಪ್ತಾಪುರದಾಗ ಒಂದು ಖೋಲಿ ನೋಡೀನಿ. ಇಬ್ಬರು ಗೆಳತ್ಯಾರು ಇದ್ದಾರ. ಪರೀಕ್ಷಾ ಆಗೂತನಾ ಅಲ್ಲೇ ಇರ್ತೇನಿ. ಅಪ್ಪಗ ಹೇಳೀನಿ."

"ಮುಂದ?"

"ಮುಂದಿಂದು ಮುಂದ."

ಮಾಳಮಡ್ಡಿಯಿಂದ ಸಪ್ತಾಪುರ ನಡೆದುಕೊಂಡು ಹೋಗುವಷ್ಟೇ ದೂರ. ಮನೆಯಲ್ಲಿ ಅವಳಿಗೆ ಬೇರೆ ಖೋಲಿಯಿತ್ತು, ಓದಲು ಮೇಜಿತ್ತು. ಇದನ್ನೆಲ್ಲ ಹೇಳಬೇಕೆಂದು ನೀಲಾಳ ನಾಲಗೆಯ ತುದಿಗೆ ಬಂದಿತ್ತು. ಮಗಳು ತನ್ನ ಬಾಯನ್ನೇ ನೋಡುತ್ತಿರುವುದು ಕಂಡು ಸುಮ್ಮನಾದಳು. ಈಗೀಗ ಸುಮೇಧಾ ಹಾಗೆಯೇ ನೋಡುತ್ತಿದ್ದಳು. ತಾಯಿ ಅನ್ನ ಬಡಿಸಲೇನು ಅಂದರೂ ಆ ಮಾತಿನ ಹಿಂದೆ ಬೇರೆ ಏನಿದೆ ಎಂದು ಹುಡುಕುವವಳಂತೆ.

ರವಿವಾರ ಹತ್ತು ಗಂಟೆಗೆ ಆಟೋ ಬಂತು. ವಿಜಯೀಂದ್ರ ಪುಸ್ತಕದ ಡಬ್ಬಿ ಎತ್ತಿಕೊಂಡು ಮೊದಲೇ ಹೋಗಿ ಒಳಗೆ ಕೂತ. ಸುಮೇಧಾ ಅಜ್ಜಿಯ ಕಾಲಿಗೆರಗಿ, ಹಸಿರು ಚೀಲ ಹೆಗಲಿಗೇರಿಸಿ ಅಂಗಳ ದಾಟಿದಳು. ಒಂದು ಚಾದರ, ನಾಲ್ಕು ಜೊತೆ ಬಟ್ಟೆ ಹಾಕಿದ್ದಕ್ಕೆ ಚೀಲ ಅರ್ಧವೂ ತುಂಬಿರಲಿಲ್ಲ. ನೀಲಾ ಗೇಟಿನವರೆಗೆ ಹೋದಳು. ಊಟದ್ದು ಹೇಗೆ ಎಂದು ಕೇಳಿದಳು. ಮೆಸ್ಸಿಗೆ ಹೇಳಿದ್ದೇನೆ ಎಂದಳು ಮಗಳು. ಗೀಸರಿನ ವಯರು ಹಳೆಯದಿದ್ದರೆ ಮುಟ್ಟಬೇಡ ಎಂದಳು ನೀಲಾ. ಸುಮೇಧಾ ತಲೆಯಾಡಿಸಿದಳು.

"ಹೋಗ್ತೇನಿ," ಎಂದಳು.

ಆ ಮನೆಯಲ್ಲಿ ಯಾರೂ ಹೊಸ್ತಿಲು ದಾಟುವಾಗ ಹಾಗೆ ಅನ್ನುತ್ತಿರಲಿಲ್ಲ. ಕೊತ್ತಂಬರಿ ತರಲು ಹೋದರೂ "ಹೋಗಿ ಬರ್ತೇನಿ" ಅನ್ನಬೇಕು, ಅವಸರವಿದ್ದರೆ "ಬರ್ತೇನಿ" ಅಂದರೂ ನಡೆಯುತ್ತದೆ. ಬಾಯಿ ತಪ್ಪಿ ಅರ್ಧ ಅಂದ ಹುಡುಗಿಯನ್ನು ತಾರಾಬಾಯಿ ಎಷ್ಟೋ ಸಲ ಓಣಿಯ ತುದಿಯಿಂದ ಕರೆಸಿ, ಪೂರ್ತಿ ಅನ್ನಿಸಿ ಕಳಿಸಿದ್ದರು. ನೀಲಾ ಕಾದಳು. ಸುಮೇಧಾಳೂ ಒಂದು ಗಳಿಗೆ ನಿಂತಳು, ತಾಯಿಯ ಬಾಯಿ ನೋಡುತ್ತ. ಆಮೇಲೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಕೂತಳು. ಆಟೋ ತಿರುವಿನಲ್ಲಿ ಕಾಣದಾಯಿತು.

ಪಡಸಾಲೆಯಲ್ಲಿ ತಾರಾಬಾಯಿ ಕಿವಿಗೊಟ್ಟು ಕೂತಿದ್ದರು. ಈಚೆಗೆ ಅವರಿಗೆ ಸಣ್ಣ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ.

"ಹೋತೇನ ಕೂಸು? ಏನಂತು ಹೋಗೂ ಮುಂದ?"

ನೀಲಾ ಗೇಟಿನ ಚಿಲಕ ಹಾಕಿದಳು.

"ಬರ್ತೇನಿ ಅಂದಳ್ರಿ," ಎಂದಳು.